ಪಂಪಿನ ಹಿಡಿಕೆ, ಒಂದು ಚಿಟಿಕೆ ಉಪ್ಪು

1853ರ ಶರತ್ಕಾಲದಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದ ಸಭಾಹಿರಿಯರು ಬ್ರಿಟನ್ನಿನ ಗೃಹಮಂತ್ರಿ ಲಾರ್ಡ್ ಪಾಮರ್‌ಸ್ಟನ್ನರಿಗೆ ಒಂದು ಪತ್ರ ಬರೆದರು. ಕಾಲರಾ ಪಿಡುಗು ಮತ್ತೊಮ್ಮೆ ದೇಶದ ಬಾಗಿಲಿಗೆ ಬಂದು ನಿಂತಿತ್ತು. ದೇವರ ಮುಂದೆ ತಲೆಬಾಗಿ ಬೇಡಿಕೊಳ್ಳಲು ರಾಷ್ಟ್ರಕ್ಕೆಲ್ಲ ಒಂದು ದಿನದ ಉಪವಾಸವನ್ನು ಸರ್ಕಾರ ಘೋಷಿಸುವುದೇ ಎಂದು ಅವರು ಕೇಳಿದ್ದರು. ಕೇಳಿದ್ದರಲ್ಲಿ ವಿಶೇಷವೇನೂ ಇರಲಿಲ್ಲ. 1832ರ ಮೊದಲ ಕಾಲರಾ ಕಾಲದಲ್ಲಿ ಅದೇ ದೇಶ ಮಾರ್ಚ್ 21ರಂದು ಅಂಥ ಉಪವಾಸವನ್ನು ಆಚರಿಸಿತ್ತು. ಆದರೆ ಈ ಬಾರಿ ಮಂತ್ರಿಯಿಂದ ಬಂದ ಉತ್ತರ ಬೇರೆಯಾಗಿತ್ತು. ಮೊದಲು ನಿಮ್ಮ ನಗರದ ಬಡವರ ಕೇರಿಗಳನ್ನು ಶುಚಿಗೊಳಿಸಿರಿ. ಕೊಳೆ ಕೊಳೆಯಾಗಿಯೇ ಉಳಿದರೆ ಎಷ್ಟು ಉಪವಾಸ, ಎಷ್ಟು ಪ್ರಾರ್ಥನೆ ಮಾಡಿದರೂ ರೋಗ ಬರುವುದು ತಪ್ಪದು ಎಂಬ ಅರ್ಥದ ಮಾತುಗಳನ್ನು ಅವರು ಬರೆಸಿದ್ದರು.

ಈ ಉತ್ತರ ಅಂದು ಅನೇಕ ಭಕ್ತರ ಮನಸ್ಸನ್ನು ನೋಯಿಸಿತು. ಪ್ರಿಯ ಓದುಗರೇ, ಅದು ಅವಿಶ್ವಾಸಿಯೊಬ್ಬನ ಉದ್ಧಟತನವೆಂದು ನಿಮಗೂ ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಮಾಡಿದವನು ಇವನೋ ಇವನ ಹೆತ್ತವರೋ ಎಂದು ಕೇಳಿದಾಗ ಪ್ರಭು ಯೇಸು ಆ ಎರಡನ್ನೂ ತಳ್ಳಿಹಾಕಿದ ಪ್ರಸಂಗ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿದೆ. ಆದರೂ ರೋಗ ಬಂದಾಗ ಯಾರ ತಪ್ಪಿನಿಂದ ಬಂತು ಎಂದು ಹುಡುಕುವ ಚಟ ನಮ್ಮನ್ನು ಬಿಟ್ಟಿಲ್ಲ. ವಾಂತಿಭೇದಿಯ ವಿಷಯದಲ್ಲಂತೂ ಈ ಹುಡುಕಾಟ ಕೊನೆಗೆ ಬಡವರ ಮನೆಯ ಬಾಗಿಲಲ್ಲೇ ನಿಲ್ಲುತ್ತದೆ. ಯಾರ ತಪ್ಪು ಎಂಬ ಪ್ರಶ್ನೆಯನ್ನು ಬಿಟ್ಟು ಯಾವ ದಾರಿಯಿಂದ ಬಂತು ಎಂದು ಕೇಳಿದವರ ಕಥೆಯನ್ನು ಇಲ್ಲಿ ಹೇಳಬಯಸುತ್ತೇನೆ. ಅವರಲ್ಲಿ ಒಬ್ಬರು ಧರ್ಮಗುರುಗಳು.

ಆ ಗುರುಗಳ ಹೆಸರು ಹೆನ್ರಿ ವೈಟ್‌ಹೆಡ್. 1854ರ ಆಗಸ್ಟಿನಲ್ಲಿ ಅವರಿಗೆ 28 ವರ್ಷ. ಲಂಡನ್ನಿನ ಸೋಹೋ ಎಂಬ ಇಕ್ಕಟ್ಟಾದ ಬಡಾವಣೆಯ ಬೆರ್ವಿಕ್ ಬೀದಿಯಲ್ಲಿದ್ದ ಸಂತ ಲೂಕರ ಆಂಗ್ಲಿಕನ್ ದೇವಾಲಯದಲ್ಲಿ ಅವರು ಸಹಾಯಕ ಗುರು. ಆ ವರ್ಷ ಆಗಸ್ಟ್ 31ರ ರಾತ್ರಿಯಿಂದ ಆ ಬಡಾವಣೆಯಲ್ಲಿ ಕಾಲರಾ ಸಿಡಿಯಿತು. ಬೆಳಿಗ್ಗೆ ಆರೋಗ್ಯದಿಂದಿದ್ದವರು ಸಂಜೆಗೆ ಹೆಣವಾಗುತ್ತಿದ್ದರು. ಹತ್ತು ದಿನಗಳಲ್ಲಿ 500ಕ್ಕೂ ಹೆಚ್ಚು ಜನ ಸತ್ತರು; ಒಟ್ಟು ಸಾವು 616 ಎಂದು ಆಮೇಲೆ ಲೆಕ್ಕವಾಯಿತು. ಓಡಿಹೋಗಲು ಸಾಧ್ಯವಿದ್ದವರೆಲ್ಲ ಓಡಿಹೋದರು. ವೈಟ್‌ಹೆಡ್ ಮನೆಯಿಂದ ಮನೆಗೆ ಹೋಗುತ್ತ, ಸಾಯುತ್ತಿದ್ದವರ ಬಳಿ ಕುಳಿತು ಪ್ರಾರ್ಥಿಸುತ್ತ, ಉಳಿದವರನ್ನು ಸಂತೈಸುತ್ತ ಅಲ್ಲೇ ಇದ್ದರು.

ಅದೇ ಬೀದಿಗಳಲ್ಲಿ ಇನ್ನೊಬ್ಬರೂ ಓಡಾಡುತ್ತಿದ್ದರು. ಅವರು ವೈದ್ಯ ಜಾನ್ ಸ್ನೋ. ಹಿಂದಿನ ವರ್ಷ ವಿಕ್ಟೋರಿಯಾ ರಾಣಿಯ ಹೆರಿಗೆಯಲ್ಲಿ ಕ್ಲೋರೋಫಾರ್ಮ್ ನೀಡಿ ಹೆಸರು ಮಾಡಿದ್ದವರು. ಕಾಲರಾ ಹರಡುವುದು ದುರ್ವಾಸನೆಯ ಗಾಳಿಯಿಂದ ಎಂದು ಆಗಿನ ಪಂಡಿತರೆಲ್ಲ ನಂಬಿದ್ದರು. ಗಾಳಿಯಿಂದ ಬರುವುದಾದರೆ ಮೊದಲು ಶ್ವಾಸಕೋಶ ಕೆಡಬೇಕು. ಇಲ್ಲಿ ಕೆಡುವುದು ಕರುಳು. ಆದ್ದರಿಂದ ರೋಗಬೀಜ ಬಾಯಿಯ ಮೂಲಕವೇ ಹೊಟ್ಟೆ ಸೇರುತ್ತಿದೆ ಎಂಬುದು ಸ್ನೋ ಅವರ ವಾದ. 1849ರಲ್ಲೇ ಅವರು ಇದನ್ನು ಅಚ್ಚು ಹಾಕಿಸಿದ್ದರು. ಕೇಳಿದವರು ಕಡಿಮೆ. ಸೋಹೋದಲ್ಲಿ ಸತ್ತವರ ಮನೆಗಳನ್ನು ಗುರುತಿಸುತ್ತ ಹೋದಾಗ ಅವೆಲ್ಲ ಬ್ರಾಡ್ ಬೀದಿಯ ಒಂದು ಕೈಪಂಪಿನ ಸುತ್ತ ಮುತ್ತಿಕೊಂಡಿರುವುದು ಅವರಿಗೆ ಕಂಡಿತು. ಪಕ್ಕದ ಪೋಲೆಂಡ್ ಬೀದಿಯ ಅನಾಥಾಲಯದಲ್ಲಿ 535 ನಿರಾಶ್ರಿತರಿದ್ದರೂ ಕಾಲರಾದಿಂದ ಸತ್ತವರು ಐವರೇ. ಅಲ್ಲಿ ಅವರದೇ ಬಾವಿ ಇತ್ತು. ಅದೇ ಬೀದಿಯ ಬಿಯರ್ ಕಾರ್ಖಾನೆಯ ಕೆಲಸಗಾರರು ಪಂಪಿನ ನೀರನ್ನು ಮುಟ್ಟುತ್ತಿರಲಿಲ್ಲ. ಅವರು ಏನು ಕುಡಿಯುತ್ತಿದ್ದರೆಂದು ನಾನು ಹೇಳಬೇಕಿಲ್ಲ. ಅವರೆಲ್ಲ ಉಳಿದರು. ಬಲು ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಒಬ್ಬ ವಿಧವೆಯಾದರೋ ತಾನು ಹಿಂದೆ ವಾಸವಾಗಿದ್ದ ಆ ಬೀದಿಯ ನೀರಿನ ರುಚಿಯನ್ನು ಮರೆಯಲಾರದೆ ದಿನವೂ ಒಂದು ಶೀಶೆ ತರಿಸಿಕೊಳ್ಳುತ್ತಿದ್ದಳು. ಆಕೆ ಸತ್ತಳು.

ಸೆಪ್ಟೆಂಬರ್ 7ರಂದು ಸ್ನೋ ಧರ್ಮಕೇಂದ್ರದ ಪಾಲಕ ಮಂಡಳಿಯ ಮುಂದೆ ಹೋಗಿ ವಿಷಯ ತಿಳಿಸಿದರು. ಮಂಡಳಿಯವರು ಪೂರ್ತಿ ನಂಬದಿದ್ದರೂ ಮರುದಿನ ಪಂಪಿನ ಹಿಡಿಕೆಯನ್ನು ಕಳಚಿಸಿದರು.

ಶಾಲೆಯ ಪುಸ್ತಕಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ನಿಜವಾದ ಸ್ವಾರಸ್ಯ ಇರುವುದು ಇದರ ನಂತರ. ಹಿಡಿಕೆ ಕಳಚುವ ಹೊತ್ತಿಗೆ ರೋಗದ ಅಬ್ಬರ ತಾನಾಗಿ ಇಳಿಯತೊಡಗಿತ್ತು. ಆದ್ದರಿಂದ ಸ್ನೋ ಅವರ ಮಾತು ಸಾಬೀತಾಗಲಿಲ್ಲ. ವೈಟ್‌ಹೆಡ್ ಸಹ ಅದನ್ನು ನಂಬಲಿಲ್ಲ. ಆ ನೀರು ಕುಡಿದೂ ಬದುಕಿದವರನ್ನು ಅವರು ಕಣ್ಣಾರೆ ಕಂಡಿದ್ದರು. ವೈದ್ಯರ ವಾದ ಸುಳ್ಳೆಂದು ತೋರಿಸಿಕೊಡುವ ಉದ್ದೇಶದಿಂದಲೇ ಅವರು ಧರ್ಮಕೇಂದ್ರದ ವಿಚಾರಣಾ ಸಮಿತಿಯ ಸದಸ್ಯರಾಗಿ ಮತ್ತೆ ಮನೆಮನೆಗೆ ಹೋಗತೊಡಗಿದರು. ಈ ಕೆಲಸ ಅವರಿಗೆ ಸಾಧ್ಯವಾದಷ್ಟು ಬೇರೆ ಯಾರಿಗೂ ಸಾಧ್ಯವಾಗುತ್ತಿರಲಿಲ್ಲ. ಮನೆಯವರಿಗೆಲ್ಲ ಅವರ ಮುಖ ಪರಿಚಯವಿತ್ತು. ಸತ್ತವರ ಹೆಸರುಗಳು ಅವರಿಗೆ ಬಾಯಿಪಾಠವಿದ್ದವು. ತಾಯಂದಿರು ಸರ್ಕಾರಿ ಅಧಿಕಾರಿಗೆ ಹೇಳದ ಸಂಗತಿಯನ್ನು ತಮ್ಮ ಗುರುಗಳಿಗೆ ಹೇಳಿದರು. ಒಂದೇ ಮನೆಗೆ ಹಲವು ಬಾರಿ ಹೋಗಿ, ಯಾರು ಯಾವ ದಿನ ಎಲ್ಲಿಯ ನೀರು ಕುಡಿದರೆಂದು ಅವರು ಬರೆದುಕೊಂಡರು. ಲೆಕ್ಕ ಹಾಕಿದಾಗ, ಬ್ರಾಡ್ ಬೀದಿಯಲ್ಲಿ ಆ ಪಂಪಿನ ನೀರು ಕುಡಿದ 137 ಮಂದಿಯಲ್ಲಿ 80 ಮಂದಿಗೆ ಕಾಲರಾ ಬಂದಿತ್ತು. ಕುಡಿಯದ ಸುಮಾರು 300 ಮಂದಿಯಲ್ಲಿ ಬಂದದ್ದು 20 ಮಂದಿಗೆ ಮಾತ್ರ. ತಾವು ಸುಳ್ಳೆಂದು ತೋರಿಸಹೊರಟ ಮಾತನ್ನು ತಮ್ಮದೇ ಕೈಬರಹ ನಿಜವೆಂದು ಹೇಳುತ್ತಿದ್ದುದನ್ನು ವೈಟ್‌ಹೆಡ್ ಒಪ್ಪಿಕೊಂಡರು. ಮನಸ್ಸಿಲ್ಲದೆ ಒಪ್ಪಿಕೊಂಡೆ ಎಂದು ಅವರೇ ಬರೆದಿದ್ದಾರೆ.

ಒಂದು ಪ್ರಶ್ನೆ ಉಳಿಯಿತು. ಬಾವಿಯ ನೀರು ಕೆಟ್ಟದ್ದು ಹೇಗೆ? 1855ರ ವಸಂತದಲ್ಲಿ ಮರಣ ದಾಖಲೆಗಳನ್ನು ತಿರುವಿ ಹಾಕುತ್ತಿದ್ದಾಗ ಅವರ ಕಣ್ಣಿಗೆ ಒಂದು ಸಾಲು ಬಿತ್ತು. ಬ್ರಾಡ್ ಬೀದಿಯ 40ನೆಯ ನಂಬರಿನ ಮನೆಯಲ್ಲಿ, ಸೆಪ್ಟೆಂಬರ್ 2ರಂದು, ಐದು ತಿಂಗಳ ಹೆಣ್ಣುಮಗು, ನಾಲ್ಕು ದಿನಗಳ ಭೇದಿಯ ನಂತರ ನಿತ್ರಾಣದಿಂದ ಮರಣ. ಭೇದಿ ಆರಂಭವಾದದ್ದು ಪಿಡುಗು ಸಿಡಿಯುವುದಕ್ಕಿಂತ ಮುಂಚೆ. ಮನೆ ಇದ್ದದ್ದು ಪಂಪಿನ ಎದುರಿಗೇ. ಗುರುಗಳು ಆ ತಾಯಿಯ ಬಳಿಗೆ ಹೋದರು. ಮಗುವಿನ ಕೊಳೆಬಟ್ಟೆಗಳನ್ನು ನೆನೆಹಾಕಿದ ನೀರನ್ನು ಮನೆಯ ಮುಂದಿನ ಕಕ್ಕಸು ಗುಂಡಿಗೆ ಸುರಿಯುತ್ತಿದ್ದೆ ಎಂದು ಆಕೆ ಹೇಳಿದಳು. ಅಗೆದು ನೋಡಿದಾಗ ಗುಂಡಿಯ ಇಟ್ಟಿಗೆಗಳು ಶಿಥಿಲವಾಗಿ ಕಳಚಿಬರುತ್ತಿದ್ದವು. ಗುಂಡಿಗೂ ಬಾವಿಗೂ ಮೂರು ಅಡಿಯ ಅಂತರವೂ ಇರಲಿಲ್ಲ. ಇನ್ನೊಂದು ವಿಷಯವೂ ಬೆಳಕಿಗೆ ಬಂತು. ಮಗುವಿನ ತಂದೆಗೆ ಕಾಲರಾ ತಗುಲಿದ್ದು ಸೆಪ್ಟೆಂಬರ್ 8ರಂದು, ಅಂದರೆ ಹಿಡಿಕೆ ಕಳಚಿದ ದಿನವೇ. ಆತನ ಮಲವೂ ಅದೇ ಗುಂಡಿಯನ್ನು ಸೇರಿರಬೇಕು. ಹಿಡಿಕೆ ಅಲ್ಲೇ ಇದ್ದಿದ್ದರೆ ಎರಡನೆಯ ಸುತ್ತಿನ ಸಾವು ಆರಂಭವಾಗುತ್ತಿತ್ತು. ಮಂಡಳಿಯ ಅರೆಮನಸ್ಸಿನ ತೀರ್ಮಾನ ಎಷ್ಟು ಜೀವ ಉಳಿಸಿತೆಂಬುದು ಗೊತ್ತಾದದ್ದು ಹೀಗೆ.

ಈ ವೃತ್ತಾಂತದಲ್ಲಿ ಮಗುವನ್ನೂ ಗಂಡನನ್ನೂ ಕಳೆದುಕೊಂಡ ಆ ತಾಯಿಯನ್ನು ಯಾರೂ ಅಪರಾಧಿಯೆಂದು ನಿಲ್ಲಿಸಲಿಲ್ಲ ಎಂಬುದನ್ನು ಗಮನಿಸಿರಿ. ಕೆಟ್ಟದ್ದು ಇಟ್ಟಿಗೆ. ಸ್ನೋ 1858ರಲ್ಲಿ ತೀರಿಕೊಂಡರು. ತಮ್ಮ ಮಾತಿಗೆ ಮನ್ನಣೆ ದೊರೆತದ್ದನ್ನು ಪೂರ್ತಿಯಾಗಿ ಕಾಣಲಿಲ್ಲ. ಅವರ ನಂತರ ಸುಮಾರು ನಾಲ್ಕು ದಶಕ ಬದುಕಿದ ವೈಟ್‌ಹೆಡ್, ಅವರ ಭಾವಚಿತ್ರವನ್ನು ತಮ್ಮ ಓದುಕೋಣೆಯಲ್ಲಿ ಇಟ್ಟುಕೊಂಡಿದ್ದರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಅದೇ 1854ರಲ್ಲಿ ಇಟಲಿಯ ಫಿಲಿಪ್ಪೊ ಪಾಚೀನಿ ಸೂಕ್ಷ್ಮದರ್ಶಕದಲ್ಲಿ ಕಾಲರಾದ ಕ್ರಿಮಿಯನ್ನು ಕಂಡಿದ್ದರು, ಜಗತ್ತು ಗಮನಿಸಲಿಲ್ಲ. 1884ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಕಲ್ಕತ್ತೆಯಲ್ಲಿ ಅದನ್ನು ಬೇರ್ಪಡಿಸಿ ತೋರಿಸಿದರು. ಆ ಕ್ರಿಮಿ ಕೊಲ್ಲುವುದು ತಾನು ಸ್ರವಿಸುವ ಒಂದು ವಿಷದಿಂದ ಎಂದು 1959ರಲ್ಲಿ ರುಜುವಾತುಪಡಿಸಿದವರು ಅದೇ ಕಲ್ಕತ್ತೆಯ ಶಂಭುನಾಥ ಡೇ. ವಿಷದ ಪರಿಣಾಮವಾಗಿ ಕರುಳಿನ ಗೋಡೆ ದೇಹದ ನೀರನ್ನೂ ಲವಣವನ್ನೂ ಹೊರಗೆ ಸುರಿಯತೊಡಗುತ್ತದೆ. ಕಾಲರಾ ರೋಗಿ ಸಾಯುವುದು ದೇಹದಲ್ಲಿ ನೀರು ಬತ್ತಿ. ನಮ್ಮ ಮನೆಗಳಲ್ಲಿ ಕಾಣುವ ಬಹುತೇಕ ವಾಂತಿಭೇದಿಗಳಲ್ಲೂ, ಅದಕ್ಕೆ ಕಾರಣ ವೈರಾಣುವಿರಲಿ ಬ್ಯಾಕ್ಟೀರಿಯಾವಿರಲಿ, ಮಗುವಿನ ಜೀವಕ್ಕೆ ಮೊದಲು ಬರುವ ಅಪಾಯ ಇದೇ.

ಹೋದ ನೀರನ್ನು ಹಿಂದಕ್ಕೆ ಕೊಟ್ಟರೆ ಆಯಿತಲ್ಲ ಎಂದು ನೀವು ಕೇಳಬಹುದು. 1832ರಲ್ಲೇ ಸ್ಕಾಟ್ಲೆಂಡಿನ ವೈದ್ಯ ಥಾಮಸ್ ಲ್ಯಾಟಾ ರಕ್ತನಾಳದೊಳಕ್ಕೆ ಉಪ್ಪುನೀರು ಹರಿಸಿ ಸಾಯುವಂತಿದ್ದ ಕೆಲವರನ್ನು ಉಳಿಸಿದ್ದರು. ಅದಕ್ಕೆ ಸೂಜಿ ಬೇಕು, ಶುದ್ಧ ದ್ರಾವಣ ಬೇಕು, ತಿಳಿದವರು ಬೇಕು. ಬಾಯಿಂದ ಕುಡಿಸಿದ ಬರಿಯ ನೀರಾದರೋ, ಬರಿಯ ಉಪ್ಪುನೀರಾದರೋ ಭೇದಿಯಲ್ಲೇ ಹೊರಟುಹೋಗುತ್ತಿತ್ತು. 1960ರ ದಶಕದಲ್ಲಿ ವಿಜ್ಞಾನಿಗಳಿಗೆ ಕರುಳಿನ ಒಂದು ಗುಟ್ಟು ತಿಳಿಯಿತು. ಕರುಳಿನ ಗೋಡೆಯಲ್ಲಿ ಗ್ಲೂಕೋಸೂ ಉಪ್ಪೂ ಜೊತೆಯಾಗಿ ಬಂದರೆ ಮಾತ್ರ ತೆರೆದುಕೊಳ್ಳುವ ಒಂದು ಬಾಗಿಲಿದೆ. ಅವೆರಡರ ಹಿಂದೆಯೇ ನೀರೂ ಒಳಗೆ ಬರುತ್ತದೆ. ಕಾಲರಾದ ವಿಷ ಈ ಬಾಗಿಲನ್ನು ಕೆಡಿಸುವುದಿಲ್ಲ. 1953ರಲ್ಲೇ ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ 186 ರೋಗಿಗಳಿಗೆ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿ ಗುಣಪಡಿಸಿದ್ದನ್ನು ಪ್ರಕಟಿಸಿದ್ದರು. ಪಶ್ಚಿಮದ ವೈದ್ಯಲೋಕ ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನ್ಯಾಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ತರುಣ ವೈದ್ಯರು ಅಳತೆ ಹಿಡಿದು ಪರೀಕ್ಷಿಸಿ ಇದನ್ನು ಸ್ಥಿರಪಡಿಸಿದರು. ಅದೂ ಆಸ್ಪತ್ರೆಯ ಒಳಗೆ, ದಾದಿಯರ ಕಣ್ಗಾವಲಿನಲ್ಲಿ. ಓದುಬರಹ ಬಾರದ ತಾಯಿಯ ಕೈಗೆ ಇದನ್ನು ಕೊಡಬಹುದೇ ಎಂಬುದಕ್ಕೆ ಉತ್ತರ ದೊರೆತದ್ದು ಯುದ್ಧದ ನಡುವೆ.

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಲಕ್ಷಲಕ್ಷ ನಿರಾಶ್ರಿತರು ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದರು. ಮಳೆಗಾಲದ ಜೊತೆ ಕಾಲರಾ ಬಂತು. ಗಡಿಯ ಬನಗಾಂವ್ ಎಂಬ ಊರಿನ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳಿಗೆಂದು ಇದ್ದದ್ದು ಎರಡು ಕೋಣೆ, 16 ಹಾಸಿಗೆ. ಕಲ್ಕತ್ತೆಯಿಂದ ಅಲ್ಲಿಗೆ ಹೋದ ಮಕ್ಕಳ ವೈದ್ಯ ದಿಲೀಪ್ ಮಹಾಲನಬಿಸ್ ಅವರು ಕಂಡದ್ದು ನೆಲದ ತುಂಬ ಮಲಗಿದ್ದ ರೋಗಿಗಳನ್ನು. ರಕ್ತನಾಳಕ್ಕೆ ದ್ರಾವಣ ಹಾಕಬೇಕಾದರೆ ವಾಂತಿ ಮತ್ತು ಮಲದ ನಡುವೆ ಮಂಡಿಯೂರಿ ಕೂರಬೇಕಾಗಿತ್ತು. ತಂದಿದ್ದ ದ್ರಾವಣದ ಬಾಟಲಿಗಳು ಬಹುಬೇಗ ಮುಗಿಯುತ್ತ ಬಂದವು. ಆಗ ಅವರು ಒಂದು ಸಾಹಸಕ್ಕೆ ಕೈಹಾಕಿದರು. 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಒಂದು ಲೀಟರ್ ನೀರಿಗೆ ಇಷ್ಟು. ಕಲ್ಕತ್ತೆಯ ಸಂಶೋಧನಾ ಕೇಂದ್ರದ ಗ್ರಂಥಾಲಯದಲ್ಲಿ ಕುಳಿತು ಪುಡಿಯನ್ನು ತೂಗಿ, ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಬಾಯಿ ಮುಚ್ಚಿದರು. ಬನಗಾಂವಿನಲ್ಲಿ ಅದನ್ನು ನಲ್ಲಿಯಿದ್ದ ಡ್ರಮ್ಮುಗಳಲ್ಲಿ ಕದಡಿ ಇಟ್ಟರು. ರೋಗಿಯ ತಾಯಿಯೋ ಅಣ್ಣನೋ ಅಜ್ಜಿಯೋ ಲೋಟದಲ್ಲಿ ಹಿಡಿದುಕೊಂಡು ಹೋಗಿ ಗುಟುಕು ಗುಟುಕಾಗಿ ಕುಡಿಸಬೇಕು. ಚಿಕಿತ್ಸೆ ನೀಡಿದವರು ಬಹುಪಾಲು ಮನೆಯವರೇ. ನಿರಾಶ್ರಿತರ ಶಿಬಿರಗಳಲ್ಲಿ ನೂರಕ್ಕೆ ಮೂವತ್ತರವರೆಗೆ ಸಾಯುತ್ತಿದ್ದ ಕಾಲದಲ್ಲಿ, ಎಂಟು ವಾರಗಳಲ್ಲಿ ಅವರ ಬಳಿಗೆ ಬಂದ ಸುಮಾರು 3,700 ರೋಗಿಗಳಲ್ಲಿ ಸತ್ತವರು ನೂರಕ್ಕೆ 3.6 ಮಾತ್ರ.

1978ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ, ಈ ತಿಳಿವಳಿಕೆಯನ್ನು ಇಪ್ಪತ್ತನೆಯ ಶತಮಾನದ ಅತಿ ಮಹತ್ವದ ವೈದ್ಯಕೀಯ ಮುನ್ನಡೆ ಎನ್ನಬಹುದೆಂದು ಬರೆಯಿತು. ಪ್ರಶಸ್ತಿಗಳು ಮಾತ್ರ ಮಹಾಲನಬಿಸರನ್ನು ಬಹುಕಾಲ ಮರೆತಿದ್ದವು. ಅವರು 2022ರ ಅಕ್ಟೋಬರಿನಲ್ಲಿ ತೀರಿಕೊಂಡರು. ಮರುವರ್ಷ ಪದ್ಮವಿಭೂಷಣ ಬಂತು. ಬಾಂಗ್ಲಾದೇಶದಲ್ಲಿ ಬ್ರ್ಯಾಕ್ ಸಂಸ್ಥೆಯವರು 1980ರಿಂದ ಹತ್ತು ವರ್ಷ ಹಳ್ಳಿಹಳ್ಳಿ ಸುತ್ತಿ ಒಂದು ಕೋಟಿಗೂ ಮಿಕ್ಕ ಮನೆಗಳಲ್ಲಿ ತಾಯಂದಿರಿಗೆ ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಮುಷ್ಟಿ ಬೆಲ್ಲದ ಪಾಠ ಕಲಿಸಿದರು. ಕಲಿಸಿದಾಕೆಗೆ ಸಂಬಳ ನಿಗದಿಯಾಗುತ್ತಿದ್ದುದು ತಾಯಿಗೆ ಎಷ್ಟು ನೆನಪುಳಿದಿದೆ ಎಂದು ನೋಡಿ. ನಮ್ಮ ಉಪದೇಶ ತರಗತಿಗಳಿಗೂ ಈ ನಿಯಮ ತಂದರೆ ಹೇಗಿರುತ್ತದೆಂದು ನಾನು ಕೆಲವೊಮ್ಮೆ ಯೋಚಿಸಿದ್ದುಂಟು.

ಇಷ್ಟು ಹೊತ್ತು ಕ್ರಿಮಿಗಳನ್ನು ಶತ್ರುಗಳೆಂದೇ ಮಾತನಾಡಿದೆ. ಅದು ಅರ್ಧಸತ್ಯ. ನಮ್ಮ ದೊಡ್ಡಕರುಳಿನಲ್ಲಿ ಮನೆಮಾಡಿಕೊಂಡಿರುವ ಬ್ಯಾಕ್ಟೀರಿಯಾಗಳ ಸಂಖ್ಯೆ ಹೆಚ್ಚುಕಡಿಮೆ ನಮ್ಮ ದೇಹದ ಜೀವಕೋಶಗಳಷ್ಟೇ ಎಂದು 2016ರ ಒಂದು ಲೆಕ್ಕಾಚಾರ ಹೇಳುತ್ತದೆ. 1885ರಲ್ಲಿ ಮ್ಯೂನಿಕ್ಕಿನ ಮಕ್ಕಳ ವೈದ್ಯ ಥಿಯೋಡರ್ ಎಶೆರಿಕ್ ಹಸುಗೂಸುಗಳ ಮಲದಲ್ಲಿ ಇಂಥದೊಂದು ವಾಸಿಯನ್ನು ಗುರುತಿಸಿದರು. ಇಂದು ಅದಕ್ಕೆ ಅವರದೇ ಹೆಸರಿದೆ, ಎಶೆರಿಕಿಯಾ ಕೋಲೈ. ಎದೆಹಾಲು ಕುಡಿಯುವ ಮಕ್ಕಳ ಕರುಳಿನಲ್ಲಿ ಬೇರೊಂದು ಬಗೆಯ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿರುವುದನ್ನು ಪ್ಯಾರಿಸ್ಸಿನ ಆಂರಿ ಟಿಸಿಯೆ ಕಂಡರು. ಈ ನಿವಾಸಿಗಳು ಜಾಗವನ್ನೂ ಆಹಾರವನ್ನೂ ಮೊದಲೇ ಹಿಡಿದುಕೊಂಡಿರುವುದರಿಂದ ಹೊರಗಿನ ರೋಗಾಣುವಿಗೆ ಸುಲಭವಾಗಿ ನೆಲೆ ಸಿಗುವುದಿಲ್ಲ. 1954ರಲ್ಲಿ ಷಿಕಾಗೋದಲ್ಲಿ ಮಾರ್ಜರಿ ಬಾನ್‌ಹಾಫ್ ಮತ್ತು ಅವರ ಸಂಗಡಿಗರು ಇಲಿಗಳ ಮೇಲೆ ನಡೆಸಿದ ಪ್ರಯೋಗ ಇದನ್ನು ಬಲು ಸ್ಪಷ್ಟವಾಗಿ ತೋರಿಸಿತು. ಆರೋಗ್ಯವಂತ ಇಲಿಗೆ ಸಾಲ್ಮೊನೆಲ್ಲಾ ಸೋಂಕು ತಗುಲಿಸಲು ಸುಮಾರು ಒಂದು ಲಕ್ಷ ಕ್ರಿಮಿಗಳು ಬೇಕಾಗಿದ್ದವು. ಒಮ್ಮೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ಕರುಳಿನ ನಿವಾಸಿಗಳನ್ನು ಕೊಂದ ಮೇಲೆ ಹತ್ತಕ್ಕಿಂತ ಕಡಿಮೆ ಸಾಕಾಯಿತು.

ಭೇದಿ ಕಂಡ ಕೂಡಲೇ ಅಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ಮಗುವಿಗೆ ನುಂಗಿಸುವ ನಮ್ಮ ಅಭ್ಯಾಸವನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿರಿ. ಮಕ್ಕಳ ಭೇದಿಗೆ ಬಹಳಷ್ಟು ಸಲ ಕಾರಣ ವೈರಾಣು. ಅದನ್ನು ಆ ಮಾತ್ರೆ ಮುಟ್ಟುವುದೇ ಇಲ್ಲ, ಒಳಗಿನ ಕಾವಲುಗಾರರನ್ನು ಮಾತ್ರ ಕೊಲ್ಲುತ್ತದೆ. ಹಾಗಾದರೆ ಒಳ್ಳೆಯ ಬ್ಯಾಕ್ಟೀರಿಯಾಗಳೆಂದು ಮಾರುವ ಪುಡಿಗಳನ್ನು ಕೊಂಡು ತಿನ್ನಿಸೋಣವೇ? 2018ರಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲಿ ಮಕ್ಕಳ ಮೇಲೆ ನಡೆದ ಎರಡು ದೊಡ್ಡ ಪರೀಕ್ಷೆಗಳಲ್ಲಿ ಅವುಗಳಿಂದ ಲಾಭವೇನೂ ಕಾಣಲಿಲ್ಲ. ಮನೆಯ ಮೊಸರನ್ನು ಉಣ್ಣಲು ಅಡ್ಡಿಯಿಲ್ಲ. ಅದನ್ನು ಔಷಧವೆಂದು ನಂಬಿ ಕೂರಬೇಡಿ.

ವೈರಾಣುಗಳಲ್ಲಿ ಮುಖ್ಯವಾದ ರೋಟಾವೈರಸ್ಸನ್ನು 1973ರಲ್ಲಿ ಮೆಲ್ಬರ್ನಿನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಪತ್ತೆಹಚ್ಚಿದರು. ಇಲ್ಲಿ ನಮ್ಮ ಬೆಂಗಳೂರಿಗೂ ಒಂದು ಪಾತ್ರವಿದೆ. ನವಜಾತ ಶಿಶುಗಳಲ್ಲಿ ರೋಗ ತೋರಿಸದೆಯೇ ಇರುವ ರೋಟಾವೈರಸ್ ತಳಿಗಳು ದೆಹಲಿಯಲ್ಲಿಯೂ ಬೆಂಗಳೂರಿನಲ್ಲಿಯೂ ಸಿಕ್ಕವು. ಬೆಂಗಳೂರಿನದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ದುರ್ಗಾ ರಾವ್ ಮತ್ತು ಸಂಗಡಿಗರು ಅಧ್ಯಯನ ಮಾಡಿದರು. ಲಸಿಕೆಯಾಗಿ ಗೆದ್ದದ್ದು ದೆಹಲಿಯ ತಳಿ. ದೆಹಲಿ, ಪುಣೆ ಮತ್ತು ಐಡಾ ಸ್ಕಡರ್ ಕಟ್ಟಿದ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜುಗಳಲ್ಲಿ 6,799 ಶಿಶುಗಳ ಮೇಲೆ ಪರೀಕ್ಷೆ ನಡೆದು, 2016ರಿಂದ ರೋಟಾವೈರಸ್ ಲಸಿಕೆ ಸರ್ಕಾರದ ಕಾರ್ಯಕ್ರಮ ಸೇರಿತು. ನಿಮ್ಮ ಮನೆಯ ಹಸುಗೂಸಿಗೆ ಆರನೆಯ ವಾರದಿಂದ ಬಾಯಿಗೆ ಹಾಕುವ ಹನಿ ಇದೂ ಒಂದು.

ಇನ್ನು ಅಡುಗೆಮನೆಯ ಮಾತು. ಔಷಧಿ ಅಂಗಡಿಯಲ್ಲಿ ಓಆರ್‌ಎಸ್ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದೆಂದು ಬರೆದಿರುವ ಪೊಟ್ಟಣವನ್ನೇ ಕೇಳಿರಿ. ಹಣ್ಣಿನ ಚಿತ್ರವಿರುವ ಸಿಹಿಪಾನೀಯಗಳು ಅದಲ್ಲ. ಅವುಗಳ ಅತಿಯಾದ ಸಕ್ಕರೆ ಭೇದಿಯನ್ನು ಹೆಚ್ಚಿಸುತ್ತದೆ. ಅಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಬಳಸಕೂಡದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರಲ್ಲಿ ಆದೇಶಿಸಿತು. ಪೊಟ್ಟಣ ಸಿಗದ ಹೊತ್ತಿನಲ್ಲಿ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ತಲೆತಟ್ಟಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಆದ್ದರಿಂದ ಕೈಯಂದಾಜು ಬೇಡ. ಉಪ್ಪು ಹಾಕಿದ ಗಂಜಿತಿಳಿಯೂ ಒಳ್ಳೆಯದೇ. ಅಕ್ಕಿಯ ಪಿಷ್ಟ ಕರುಳಿನಲ್ಲಿ ಗ್ಲೂಕೋಸಾಗಿ ಅದೇ ಬಾಗಿಲನ್ನು ತೆರೆಯುತ್ತದೆ. ಎದೆಹಾಲನ್ನಾಗಲಿ ಊಟವನ್ನಾಗಲಿ ನಿಲ್ಲಿಸಬೇಡಿ. ಹೊಟ್ಟೆಗೆ ವಿಶ್ರಾಂತಿ ಕೊಡಬೇಕೆಂಬ ಹಿರಿಯರ ಮಾತು ಇಲ್ಲಿ ಸಲ್ಲದು. ವೈದ್ಯರು ಸತುವಿನ ಮಾತ್ರೆ ಕೊಟ್ಟರೆ, ಭೇದಿ ನಿಂತ ಮೇಲೂ ಹೇಳಿದಷ್ಟು ದಿನ ಪೂರ್ತಿಯಾಗಿ ಕೊಡಿರಿ. ಭೇದಿಯಲ್ಲಿ ರಕ್ತ ಕಂಡರೆ, ಮಗು ಕುಡಿಯಲಾರದಂತಾದರೆ, ಕಣ್ಣು ಗುಳಿಬಿದ್ದು ಮಂಪರು ಕವಿದರೆ, ಮೂತ್ರ ನಿಂತರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಧರ್ಮಕೇಂದ್ರದ ಹಬ್ಬದೂಟಕ್ಕೆ ಬಡಿಸುವವರಿಗೂ ಒಂದು ವಿನಂತಿ. ಭೇದಿಯಾದವರು ಗುಣವಾದ ಮೇಲೆಯೂ ಎರಡು ದಿನ ಅಡುಗೆಯ ಕಡೆ ಸುಳಿಯಬಾರದು. ಕೈಗೆ ಸೋಪು ಹಚ್ಚಿ ತೊಳೆಯುವುದೇ ಸರಿ. ಕೋವಿಡ್ ಕಾಲದಲ್ಲಿ ರೂಢಿಯಾದ ಸ್ಯಾನಿಟೈಸರಿಗೆ ನೋರೊವೈರಸ್ ಅಷ್ಟಾಗಿ ಬಗ್ಗುವುದಿಲ್ಲ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ ಕಾಲು ಲೋಟದಿಂದ ಅರ್ಧ ಲೋಟ, ದೊಡ್ಡ ಮಗುವಿಗೆ ಅರ್ಧದಿಂದ ಒಂದು ಲೋಟ ದ್ರಾವಣ ಕುಡಿಸಿರಿ. ಕುಡಿದದ್ದನ್ನು ವಾಂತಿ ಮಾಡಿಕೊಂಡರೆ ಗಾಬರಿಯಾಗಿ ಬಿಟ್ಟುಬಿಡಬೇಡಿ. ಹತ್ತು ನಿಮಿಷ ಕಾದು, ಈ ಸಲ ಲೋಟ ಬೇಡ, ಚಮಚದಿಂದ ನಿಧಾನವಾಗಿ ಮತ್ತೆ ಕುಡಿಸತೊಡಗಿರಿ.